ಎಂಟು ಬದಿಯ ಮನೆಗೆ ಕೈ ಹಾಕಿದವರಿಗೆ

ಅಮೆರಿಕದ ಎಂಟು ಬದಿಯ ಲಾಂಗ್‌ವುಡ್ ಮನೆಯ ಮಾದರಿ ಕೊನೆಗೂ ನಮ್ಮ ವಾಚನಾಲಯದ ಮೇಜಿನ ಮೇಲೆ ಕುಳಿತಿದೆ. ನೋಡಲು ಬಂದವರು ನನ್ನನ್ನು ಹೊಗಳಿ ಹೋಗುತ್ತಿದ್ದಾರೆ. ಇದು ಅನ್ಯಾಯ. ನನ್ನ ಪಾಲಿನದು ಲೆಕ್ಕ ಮತ್ತು ತಕರಾರು, ಅಷ್ಟೇ. ಕೆಲಸ ಮಾಡಿದವರು ಬೇರೆಯವರು. ಅವರ ಋಣವನ್ನು ಹತ್ತು ಜನರ ಮುಂದೆ ಹೇಳಿಬಿಡುತ್ತೇನೆ.

ಮೊದಲು ತಂಗಿಯ ಮಗಳಿಗೆ. ಕಳೆದ ಮಳೆಗಾಲ ಅಂಗಳದ ಪಾಚಿಯಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು ಮಲಗಿದ್ದೆ. ಬಂದವರೆಲ್ಲ ತಮಗೆ ಗೊತ್ತಿದ್ದ ಮುರಿದ ಸೊಂಟಗಳ ಕಥೆ ಹೇಳುತ್ತಿದ್ದರು. ಅಮೆರಿಕದಲ್ಲಿರುವ ಅವಳೊಬ್ಬಳು "ದೊಡ್ಡಮ್ಮ, ನಿಮಗೊಂದು ಲೆಕ್ಕ" ಎಂದು ಮೊಬೈಲಿಗೆ ಚಿತ್ರಗಳನ್ನು ಕಳುಹಿಸಿದಳು. ಮಿಸಿಸಿಪ್ಪಿ ರಾಜ್ಯದ ನ್ಯಾಚೆಜ್ ಪಟ್ಟಣದ ಈ ಲಾಂಗ್‌ವುಡ್ ಮನೆ: ಎಂಟು ಬದಿ, ನೆತ್ತಿಯಲ್ಲಿ ಈರುಳ್ಳಿಯಂಥ ಗುಮ್ಮಟ. ಹೊರಗೆ ಅರಮನೆಯ ಠೀವಿ. ಒಳಗೆ ಮೇಲಿನ ಅಂತಸ್ತುಗಳಲ್ಲಿ ಬರೀ ಇಟ್ಟಿಗೆ, ತೊಲೆ.

ಹತ್ತಿ ತೋಟಗಳ ಒಡೆಯ ಹಾಲರ್ ನಟ್ ಇದನ್ನು 1860ರಲ್ಲಿ ಕಟ್ಟಿಸಲು ಹೊರಟ. ನಕ್ಷೆ ಫಿಲಡೆಲ್ಫಿಯಾದ ವಾಸ್ತುಶಿಲ್ಪಿ ಸ್ಯಾಮ್ಯುಯೆಲ್ ಸ್ಲೋನ್‌ನದು. 32 ಕೋಣೆಗಳ ಯೋಜನೆ. 1861ರಲ್ಲಿ ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧ ಶುರುವಾದದ್ದೇ ತಡ, ಉತ್ತರದಿಂದ ಬಂದಿದ್ದ ಕುಶಲಕರ್ಮಿಗಳು ಹತ್ಯಾರು ಬಿಟ್ಟು ಊರಿಗೆ ಹೊರಟರು. ನೆಲಮಾಳಿಗೆಯ 9 ಕೋಣೆಗಳನ್ನು ಹೇಗೋ ಮುಗಿಸಿ ಸಂಸಾರ ಅಲ್ಲಿ ಸೇರಿಕೊಂಡಿತು. 1864ರಲ್ಲಿ ನಟ್ ನ್ಯುಮೋನಿಯಾದಿಂದ ತೀರಿಹೋದ. ಹೆಂಡತಿ ಜೂಲಿಯಾ ಮಕ್ಕಳೊಂದಿಗೆ ಅಲ್ಲೇ ಉಳಿದಳು. ಮೇಲಿನದು ಇವತ್ತಿಗೂ ಹಾಗೆಯೇ ಇದೆ. 1969ರಲ್ಲಿ ಅದು ರಾಷ್ಟ್ರೀಯ ಐತಿಹಾಸಿಕ ಸ್ಮಾರಕವಾಯಿತು. ಊರವರಿಗೆ ಮಾತ್ರ ಅದು 'ನಟ್‌ನ ಹುಚ್ಚು'.

ಎಂಟು ಬದಿಯ ಹುಚ್ಚು ಅವನೊಬ್ಬನದೇ ಅಲ್ಲ. ತಲೆಬುರುಡೆಯ ಉಬ್ಬು ತಗ್ಗು ನೋಡಿ ಗುಣ ಹೇಳುತ್ತಿದ್ದ ಆರ್ಸನ್ ಫೌಲರ್ ಎಂಬವನು 1848ರಲ್ಲಿ ಪುಸ್ತಕ ಬರೆದು ಈ ಗೀಳು ಹಚ್ಚಿದ್ದ. ಬುರುಡೆಯ ಶಾಸ್ತ್ರ ಏನೇ ಇರಲಿ, ಅವನ ಗಣಿತ ಸರಿಯಿತ್ತು. 128 ಅಡಿ ಉದ್ದದ ಗೋಡೆಯಿಂದ ಚೌಕ ಕಟ್ಟಿದರೆ ಒಳಗೆ 1024 ಚದರ ಅಡಿ; ಎಂಟು ಬದಿ ಮಾಡಿದರೆ ಸುಮಾರು 1236. ಮಲಗಿದಲ್ಲೇ ಇದನ್ನು ಲೆಕ್ಕ ಹಾಕಿದ ದಿನ ನನಗೆ ಹಸಿವೆಯೂ ಆಯಿತು.

ಇನ್ನು ನಮ್ಮ ಆಚಾರಿಯವರು. ನಾನು ಕೋನಮಾಪಕ ಹುಡುಕುತ್ತಿದ್ದರೆ ಅವರು 24 ಇಂಚಿನ ಚೌಕ ಹಲಗೆ ಇಟ್ಟುಕೊಂಡು, ಮೂಲೆಯಿಂದ ನಡುವಿಗೆ ದಾರ ಹಿಡಿದು, ಅದೇ ಅಳತೆಯನ್ನು ಎರಡೂ ಬದಿಗೆ ತಿರುಗಿಸಿ ಗೆರೆ ಎಳೆದರು. ನಾಲ್ಕು ಮೂಲೆಗೂ ಹಾಗೆಯೇ. "ಏಳು, ಹತ್ತು, ಏಳು. ನಡುವಿನ ಹತ್ತು ಇರಲಿ, ಮೂಲೆ ಕತ್ತರಿಸಿ, ಟೀಚರೇ." ಅಳೆದು ನೋಡಿದೆ, ನೂಲಿನಷ್ಟು ವ್ಯತ್ಯಾಸ. ವರ್ಗಮೂಲ ಕಲಿಸುತ್ತಾ ಇಡೀ ಜೀವಮಾನ ಕಳೆದವಳು ನಾನು, ಒಮ್ಮೆಯೂ ಇದನ್ನು ತರಗತಿಯಲ್ಲಿ ತೋರಿಸಿದವಳಲ್ಲ.

ಅವರಿಗೆ ಆಕಾರದ ಬಗ್ಗೆ ಬೆರಗೇನೂ ಇರಲಿಲ್ಲ. ಮಧೂರು ದೇವಸ್ಥಾನದ ಗಜಪೃಷ್ಠದ, ಎಂದರೆ ಆನೆಯ ಬೆನ್ನಿನಂತೆ ಬಾಗಿದ, ಮಾಡನ್ನು ನೋಡುತ್ತಾ ಬೆಳೆದವರಿಗೆ ಎಂಟು ಬದಿ ಯಾವ ಲೆಕ್ಕ? ಅವರ ಆಕ್ಷೇಪ ಬೇರೆ: ಇಷ್ಟು ಸಂದುಗಳ ಮಾಡು ನಮ್ಮ ಆಟಿಯ ಮಳೆಗೆ ನಿಲ್ಲುವುದಿಲ್ಲ, ಕೋಣೆಗಳ ನಡುವೆ ಉಳಿಯುವ ಮುಕ್ಕೋನದಲ್ಲಿ ಮಂಚ ಹಿಡಿಯುವುದಿಲ್ಲ. ಗುಮ್ಮಟದ ಬೆಳಕನ್ನು ಕನ್ನಡಿಗಳಿಂದ ನೆಲಮಾಳಿಗೆಗೆ ಇಳಿಸುವ ಯೋಚನೆಯಿತ್ತಂತೆ ಎಂದಾಗ ಮಾತ್ರ ಉಳಿ ಕೆಳಗಿಟ್ಟು ಇನ್ನೊಮ್ಮೆ ಹೇಳಿಸಿಕೊಂಡರು.

ಮೇಲಿನ ಕೋಣೆಗಳನ್ನು ಅರ್ಧಕ್ಕೇ ಬಿಡಬೇಕೆಂದಾಗ ದೊಡ್ಡ ಜಗಳವಾಯಿತು. ಅರ್ಧ ಬಿಟ್ಟ ಕೆಲಸಕ್ಕೆ ತಮ್ಮ ಹೆಸರು ಬೇಡ ಎಂದರು. ಒಂದು ವಾರ ಬರಲೇ ಇಲ್ಲ. ಆಮೇಲೆ ಬಂದವರು ಒಡೆದ ಪೆಟ್ಟಿಗೆ, ಗೋಡೆಗೆ ಒರಗಿಸಿದ ಏಣಿ, ಬೆರಳುಗುರಿನಷ್ಟು ಸುತ್ತಿಗೆ ಎಲ್ಲವನ್ನೂ ಹಲಸಿನ ಮರದಲ್ಲಿ ಕೆತ್ತಿ ತಂದು ಮೇಲಂತಸ್ತಿನಲ್ಲಿ ಚೆಲ್ಲಾಪಿಲ್ಲಿ ಇಟ್ಟರು. ಅರ್ಧ ಮನೆಯನ್ನು ಅವರು ಪೂರ್ತಿ ಮಾಡಿದ್ದು ಹೀಗೆ.

ಮಾದರಿಯ ಬುಡದಲ್ಲಿ ಏನು ಬರೆಯಬೇಕು ಎಂಬ ಪ್ರಶ್ನೆ ಎತ್ತಿದವಳು ಏಳನೆಯ ತರಗತಿಯ ಹುಡುಗಿ. "ಕಟ್ಟಿಸಿದವನ ಹೆಸರಿದೆ, ಕಟ್ಟಿದವರದ್ದು?" ಆ ಇಟ್ಟಿಗೆಗಳನ್ನು ಮಾಡಿದವರು ನಟ್‌ನ ಗುಲಾಮರು, ಕೂಲಿಯೂ ಇಲ್ಲ, ಊರಿಗೆ ಹೊರಟುಬಿಡುವ ಸ್ವಾತಂತ್ರ್ಯವೂ ಇಲ್ಲ. ಅವಳ ಮಾತಿನಂತೆ ಅವರನ್ನು ಮೊದಲ ಸಾಲಿಗೆ ತಂದೆವು. ನಟ್ ಮೂರನೆಯ ಸಾಲಿನಲ್ಲಿದ್ದಾನೆ. ಮಗೂ, ನಿನಗೆ ವಿಶೇಷ ವಂದನೆ.

ಗುಮ್ಮಟ ಮಕ್ಕಳದ್ದೇ: ತೆಂಗಿನ ಗೆರಟೆಯ ಚೂಪು ತುದಿಯ ಭಾಗ, ಕೈ ನೋಯುವಷ್ಟು ಉಜ್ಜಿದ್ದು. ಎತ್ತಿದರೆ ಒಳಗೆ ಕಾಣುತ್ತದೆ. ದಯವಿಟ್ಟು ನಿಧಾನವಾಗಿ ಎತ್ತಿ. ಮೇಜು ಬಿಟ್ಟುಕೊಟ್ಟ ವಾಚನಾಲಯದವರಿಗೆ, ಬದಿಯಡ್ಕದ ರಸ್ತೆಯ ಹೊಂಡಗಳಲ್ಲಿ ಒಂದು ಕಂಬವೂ ಮುರಿಯದಂತೆ ಜೀಪು ಬಿಟ್ಟ ಅಣ್ಣನಿಗೆ, ಊರುಗೋಲು ಹಿಡಿಸಿ ನನ್ನನ್ನು ಜಗಲಿಯವರೆಗೆ ನಡೆಸಿದ ಸೊಸೆಗೆ ಕೃತಜ್ಞತೆಗಳು.

ಆಚಾರಿಯವರು ಮಜೂರಿ ಬೇಡವೆಂದು ಹಠ ಹಿಡಿದಿದ್ದಾರೆ. ಲಕೋಟೆ ಅವರ ಮನೆಯವರ ಕೈಸೇರಿ ಆಗಿದೆ. ಅವರು ಇದನ್ನು ಓದುವ ಹೊತ್ತಿಗೆ ಆ ಹಣದಲ್ಲಿ ಹೊಸ ಹಂಚು ಬಂದಿಳಿದಿರುತ್ತದೆ, ವಾಪಸು ಕೊಡಲು ಬರುವುದಿಲ್ಲ.