ಕಳೆದದ್ದು ನಿಮ್ಮ ಅಟ್ಟದಲ್ಲಿತ್ತು

ನಿನ್ನೆ ರಾತ್ರಿ ಹತ್ತೂವರೆಗೆ, ಅಳಿಸಿಹೋಗಿದ್ದ ನನ್ನ ಬ್ಲಾಗಿಗೆ 412ನೇ ಬರಹವನ್ನು ಮತ್ತೆ ಏರಿಸಿದೆ. ಒಟ್ಟು ಇದ್ದದ್ದು 431. ಹತ್ತೊಂಬತ್ತು ಸಿಗಲಿಲ್ಲ. ಇನ್ನು ಸಿಗುವ ಹಾಗೆ ಕಾಣುವುದೂ ಇಲ್ಲ. ಆದರೆ ಹೋದ ವರ್ಷ ಇದೇ ಹೊತ್ತಿಗೆ ನನ್ನ ಕೈಯಲ್ಲಿ ಇದ್ದದ್ದು ಸೊನ್ನೆ. ಸೊನ್ನೆಯಿಂದ 412ರ ತನಕ ಬಂದದ್ದರಲ್ಲಿ ನನ್ನ ಜಾಣತನ ಏನೂ ಇಲ್ಲ. ಯಾರು ಏನು ಮಾಡಿದರು ಅಂತ ಒಂದು ಸಲ ಬರೆದು ಇಡದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ಆದದ್ದು ಹೋದ ಕಕ್ಕಡದಲ್ಲಿ, ಅಂದರೆ ಜುಲೈ–ಆಗಸ್ಟಿನ ಜೋರು ಮಳೆಯ ತಿಂಗಳಲ್ಲಿ. ಮಾದಾಪುರದ ಹತ್ತಿರ ನಮ್ಮ ತೋಟ ಇರುವ ಕಡೆ ಒಂಬತ್ತು ದಿನ ಕರೆಂಟ್ ಇರಲಿಲ್ಲ. ಕೊಡಗಿನವರಿಗೆ ಇದೊಂದು ಸುದ್ದಿಯೇ ಅಲ್ಲ. ಸಿಲ್ವರ್ ಓಕ್ ಮುರಿದು ಲೈನಿನ ಮೇಲೆ ಬೀಳುತ್ತದೆ, ಕಂಬ ವಾಲುತ್ತದೆ, ಟವರ್ ಡೀಸೆಲ್ ಮುಗಿದು ಸುಮ್ಮನಾಗುತ್ತದೆ. ಅದೇ ಓಕ್ ಮರಗಳಿಗೆ ಕಟ್ಟಿದ್ದ ಫೈಬರ್ ಕೇಬಲ್ ಕೆಸರಲ್ಲಿ ಮಲಗಿರುತ್ತದೆ. ನಾವು ಹಲಸಿನ ಬೀಜ ಸುಟ್ಟು ತಿನ್ನುತ್ತಾ ಒಲೆ ಮುಂದೆ ಕೂರುತ್ತೇವೆ. ಅಷ್ಟೇ.

ಆ ದಿನಗಳಲ್ಲೇ ನನ್ನ ಬ್ಲಾಗಿಗೆ ಜಾಗ ಕೊಟ್ಟಿದ್ದ ಕಂಪನಿಯ ಬಾಡಿಗೆ ಮುಗಿದಿತ್ತು. ನೆನಪೋಲೆಗಳನ್ನು ಅವರು ಕಳಿಸಿದ್ದರು, ಸುಳ್ಳು ಹೇಳಬಾರದು. ಕಳಿಸಿದ್ದು ನಾನು ಕೆಲಸ ಬಿಟ್ಟ ಮೇಲೆ ತೆರೆಯದೇ ಇದ್ದ ಹಳೆ ಇಮೇಲಿಗೆ. ಕರೆಂಟ್ ಬಂತು, ನೆಟ್ ಬಂತು. ನಾನು ಗದ್ದೆ ನಾಟಿ, ಕೊಳೆ ರೋಗದ ಮದ್ದು ಅಂತ ಓಡಾಡುತ್ತಾ ಇದ್ದೆ. ಒಂದು ದಿನ ಫೋನಿಗೆ ಮೆಸೇಜ್: 'ಎಂತ ಮೇಡಂ, ನಿಮ್ಮ ಬ್ಲಾಗ್ ತೆಗೆದ್ರೆ ಬಿಳಿ ಹಾಳೆ ಬರ್ತದೆ.' ಅಷ್ಟರಲ್ಲಿ ಎಲ್ಲ ಅಳಿಸಿ ಆಗಿತ್ತು. ಬ್ಯಾಕಪ್ ಇಟ್ಟುಕೊಳ್ಳುವುದು ಗ್ರಾಹಕರ ಹೊಣೆ ಅಂತ ಒಪ್ಪಂದದಲ್ಲಿ ಇದೆಯಂತೆ. ಇರಬಹುದು. ಹಾಗಂತ ಹದಿನೈದು ವರ್ಷದ ಗ್ರಾಹಕಿಗೆ ಒಂದು ಫೋನ್ ಮಾಡಲು ಎಷ್ಟು ಹೊತ್ತು ಬೇಕು, ಅಲ್ವಾ?

ಇದರಲ್ಲಿ ನಗು ಬರುವ ಸಂಗತಿ ಒಂದಿದೆ. ನಾನು ಬರೆಯುತ್ತಾ ಇದ್ದದ್ದೇ ಇಂಥ ವಿಷಯ. ವೆಬ್‌ನಲ್ಲಿ ಕನ್ನಡದಲ್ಲಿ ಬರೆಯುವುದು ಹೇಗೆ, ತಾಣಕ್ಕೆ ಹೆಸರು ಕೊಳ್ಳುವುದು ಹೇಗೆ, ಪಾಸ್‌ವರ್ಡ್ ಎಲ್ಲಿ ಬರೆದಿಡಬಾರದು, ನಕಲಿ ಹೋಮ್‌ಸ್ಟೇ ಪುಟಕ್ಕೆ ಮುಂಗಡ ಕೊಟ್ಟು ಮೋಸ ಹೋಗದಿರುವುದು ಹೇಗೆ. 'ನೋಂದಾಯಿಸಿದ ಇಮೇಲನ್ನು ವರ್ಷಕ್ಕೊಮ್ಮೆ ಸರಿ ನೋಡಿ' ಎಂದು 2012ರಲ್ಲಿ ಒಂದಿಡೀ ಬರಹ ಬರೆದಿದ್ದೇನೆ. ಅದೂ ಅಳಿಸಿಹೋದದ್ದರಲ್ಲಿ ಸೇರಿತ್ತು.

ಹೆಸರು ಮಾತ್ರ ಉಳಿದಿತ್ತು. ಡೊಮೇನ್ ಹೆಸರು ಬೇರೆ, ಫೈಲ್ ಇಡುವ ಜಾಗ ಬೇರೆ. ಒಂದು ಅಂಚೆ ವಿಳಾಸ ಇದ್ದ ಹಾಗೆ, ಇನ್ನೊಂದು ಮನೆ. ನನ್ನದು ವಿಳಾಸ ಇತ್ತು, ಮನೆ ಬಿದ್ದುಹೋಗಿತ್ತು.

ಬ್ಯಾಕಪ್ ಹಾರ್ಡ್ ಡಿಸ್ಕ್ ಇಟ್ಟಿದ್ದೆ. ಮಳೆಗಾಲದಲ್ಲಿ ನಮ್ಮಲ್ಲಿ ಚಪ್ಪಲಿ, ಬೆಲ್ಟ್, ಪುಸ್ತಕ, ಮದುವೆ ಆಲ್ಬಮ್, ಯಾವುದನ್ನೂ ಬೂಸ್ಟು ಬಿಡುವುದಿಲ್ಲ. ಅದಕ್ಕೇ ಡಿಸ್ಕನ್ನು ಅಕ್ಕಿ ಡಬ್ಬದಲ್ಲಿ ಇಟ್ಟಿದ್ದೆ. ಅಕ್ಕಿಯೂ ತೇವ ಎಳೆದಿತ್ತು. ಕುಶಾಲನಗರದ ಅಂಗಡಿಯವರು ಕಿವಿಗೆ ಇಟ್ಟು ಅಲ್ಲಾಡಿಸಿ ನೋಡಿ, 'ಇದನ್ನು ಬಿಡಿ ಅಕ್ಕ' ಎಂದರು.

ಮೊದಲ ಕೃತಜ್ಞತೆ ನನ್ನ ಅಪ್ಪನಿಗೆ. ಅವರು ಈಗ ಇಲ್ಲ. ತೋಟದವರ ಮನೆಗಳಲ್ಲಿ ಮಳೆ ಪುಸ್ತಕ ಇರುತ್ತದಲ್ಲ, ಅಪ್ಪ ಅದನ್ನು 1974ರಿಂದ ಬರೆದವರು. ಬೆಳಗ್ಗೆ ಮಳೆ ಅಳೆಯುವ ಗಾಜಿನ ಜಾರ್ ನೋಡುವುದು, ಇಂಚು–ಸೆಂಟ್ ಲೆಕ್ಕದಲ್ಲಿ ಒಂದು ಸಾಲು ಬರೆಯುವುದು. ಮಳೆ ಇಲ್ಲದ ದಿನವೂ ಸೊನ್ನೆ ಅಂತ ಬರೆಯಲೇಬೇಕು. ಕಾಫಿ ಹೂ ಅರಳಿಸುವ ಮಾರ್ಚಿನ ಹೂಮಳೆ ಬಂದ ದಿನ ಪಕ್ಕದಲ್ಲಿ ಒಂದು ಹೂವಿನ ಗುರುತು. ಬ್ಲಾಗ್ ಬರೆಯುವ ಚಟ ನನಗೆ ಬಂದದ್ದು ಅಲ್ಲಿಂದ ಅಂತ ಈಗ ಅನಿಸುತ್ತದೆ. ಓದುವವರು ಇರಲಿ, ಬಿಡಲಿ, ಅವರು ಸಾಲು ಬರೆಯುತ್ತಿದ್ದರು. ಆ ಪುಸ್ತಕಗಳ ತಗಡಿನ ಪೆಟ್ಟಿಗೆಯ ತಳದಲ್ಲಿ ಒಂದು ಪೆನ್ ಡ್ರೈವ್ ಸಿಕ್ಕಿತು. 2014ರಲ್ಲಿ ನಾನು ಬ್ಲಾಗಿನ ಪೂರ್ತಿ ಪ್ರತಿ ತೆಗೆದು ಅವರ ಕೈಗೆ ಕೊಟ್ಟಿದ್ದು ನನಗೇ ಮರೆತುಹೋಗಿತ್ತು. ಅದರ ಮೇಲೆ ಅಪ್ಪನ ಅಕ್ಷರದಲ್ಲಿ 'ಮಗಳದ್ದು' ಎಂದು ಚೀಟಿ.

ಅದರಲ್ಲಿ 203 ಬರಹ ಇದ್ದವು. ತೆರೆದು ನೋಡಿದರೆ ಒಂದಕ್ಷರ ಕನ್ನಡ ಇಲ್ಲ. ನೆತ್ತಿ ಮೇಲೆ ಗೀಟು ಎಳೆದ ಇಂಗ್ಲಿಷ್ 'ಎ', ಅದರ ಪಕ್ಕ ಪುಟ್ಟ ಎರಡು, ಇನ್ನೇನೋ ಚಿಹ್ನೆ. ಮತ್ತೆ ಗೀಟಿನ 'ಎ', ಪುಟ್ಟ ಮೂರು. ಪುಟಗಟ್ಟಲೆ ಹೀಗೇ. ಅದನ್ನು ನೋಡಿ ನಾನು ಅತ್ತದ್ದು ನಿಜ.

ವಿರಾಜಪೇಟೆ ಕಡೆ ಇಂಜಿನಿಯರಿಂಗ್ ಓದುವ ಒಬ್ಬಳು ಹುಡುಗಿ, ನನ್ನ ಹಳೆ ವಿದ್ಯಾರ್ಥಿನಿಯ ಮಗಳು, ಫೋಟೊ ನೋಡಿ ನಕ್ಕಳು. 'ಆಂಟಿ, ಪ್ರಶ್ನೆ ಚಿಹ್ನೆ ಬಂದಿದ್ರೆ ಅಳಬೇಕಿತ್ತು. ಇದು ಬಂದಿದೆ ಅಂದ್ರೆ ಎಲ್ಲ ಇದೆ ಅಂತ.' ಅವಳು ವಿವರಿಸಿದ್ದು ನನಗೆ ಇಷ್ಟವಾಯಿತು, ಅದಕ್ಕೆ ಇಲ್ಲಿ ಹೇಳುತ್ತೇನೆ. ಕಂಪ್ಯೂಟರ್ ಅಕ್ಷರಗಳನ್ನು ಅಂಕಿಗಳಾಗಿ ಬರೆದಿಡುತ್ತದೆ, ಅಂಥ ಒಂದೊಂದು ಪುಟ್ಟ ಅಂಕಿಗೆ ಬೈಟ್ ಅನ್ನುತ್ತಾರೆ. ವೆಬ್‌ನಲ್ಲಿ ಈಗ ಎಲ್ಲೆಡೆ ಬಳಸುವ ಯುಟಿಎಫ್-8 ಎಂಬ ಪದ್ಧತಿಯಲ್ಲಿ ಒಂದೊಂದು ಕನ್ನಡ ಸಂಕೇತಕ್ಕೆ ಮೂರು ಬೈಟ್ ಬೇಕು. ಮೊದಲನೆಯದು ಯಾವಾಗಲೂ ಒಂದೇ. ಎರಡನೆಯದು ಎರಡರಲ್ಲಿ ಒಂದು. ಮೂರನೆಯದು ಅಕ್ಷರ ಯಾವುದು ಎಂದು ಹೇಳುತ್ತದೆ. ಇದನ್ನು ಹಳೆ ಇಂಗ್ಲಿಷ್ ಪದ್ಧತಿಯಲ್ಲಿ ಓದಿದರೆ ಮೂರು ಬೈಟ್ ಮೂರು ಬೇರೆ ಬೇರೆ ಚಿಹ್ನೆಯಾಗಿ ಕಾಣುತ್ತದೆ. ಕ ದಿಂದ ಹ ತನಕದ ವ್ಯಂಜನ ಆದರೆ ಪುಟ್ಟ ಎರಡು. ಕೊಂಬು ಅಥವಾ ಒತ್ತಕ್ಷರ ಕೂಡಿಸುವ ಚಿಹ್ನೆ ಬಂದರೆ ಪುಟ್ಟ ಮೂರು. ಅಕ್ಷರ ಎಲ್ಲೂ ಹೋಗಿಲ್ಲ, ಓದುವವರಿಗೆ ಕನ್ನಡ ಬರಲಿಲ್ಲ ಅಷ್ಟೇ. ಪ್ರಶ್ನೆ ಚಿಹ್ನೆ ಆದರೆ ಕಥೆ ಬೇರೆ. ಅಲ್ಲಿ ಅಕ್ಷರವನ್ನು ತೆಗೆದು ಬಿಸಾಡಿ ಚಿಹ್ನೆ ಇಟ್ಟಿರುತ್ತಾರೆ.

ಅವಳು ಎರಡು ಸಂಜೆ ಕೂತು ಸರಿಮಾಡಿದಳು. ದುಡ್ಡು ಬೇಡ ಎಂದಳು. ಹುತ್ತರಿಗೆ ಬಂದು ಕಡಂಬಿಟ್ಟು ತಿಂದುಹೋದಳು. ಮಗಳೇ, ನಿನ್ನ ಹೆಸರು ಹಾಕಬೇಡಿ ಅಂದಿದ್ದೀಯ, ಹಾಕಿಲ್ಲ. ಆದರೆ ಕೆಲಸ ಹುಡುಕುವಾಗ ಈ ಪ್ಯಾರಾ ತೋರಿಸು.

2014ರಿಂದ ಮುಂದೆ? ಅದನ್ನು ಕೊಟ್ಟವರು ಗೋಣಿಕೊಪ್ಪದ ಒಬ್ಬ ಕರಿಮೆಣಸಿನ ವ್ಯಾಪಾರಿ. ಇವರ ಮುಖ ನಾನು ಈವರೆಗೆ ನೋಡಿಲ್ಲ. ಬೇರೆ ಬೇರೆ ಬ್ಲಾಗುಗಳ ಹೊಸ ಬರಹಗಳನ್ನು ಒಂದೇ ಕಡೆ ತಂದು ಕೊಡುತ್ತಿದ್ದ ಗೂಗಲ್ ರೀಡರ್ ನೆನಪಿದೆಯಾ? 2013ರ ಜುಲೈ 1ಕ್ಕೆ ಅದನ್ನು ಮುಚ್ಚಿದರು. ಅಲ್ಲಿಂದ ಓದುತ್ತಿದ್ದವರಲ್ಲಿ ಬಹಳ ಜನ ಹಾಗೇ ಚದುರಿಹೋದರು, ಆಮೇಲೆ ಫೇಸ್‌ಬುಕ್ಕಿನಲ್ಲಿ ಸಿಕ್ಕರು ಅಥವಾ ಸಿಗಲೇ ಇಲ್ಲ. ಈ ಮನುಷ್ಯ ಮಾತ್ರ ತನ್ನ ಕಂಪ್ಯೂಟರಿನಲ್ಲೇ ಎಲ್ಲವನ್ನೂ ಇಳಿಸಿಡುವ ಬೇರೊಂದು ಫೀಡ್ ರೀಡರ್ ಹಾಕಿಕೊಂಡರು. ಮೆಣಸಿನ ರೇಟಿನ ಜೊತೆಗೆ ನನ್ನ ಬರಹವೂ ಅಲ್ಲಿ ಬಂದು ಬೀಳುತ್ತಿತ್ತು.

ಒಂದು ಹಳೆ ಜಗಳದ ಬಗ್ಗೆ ಹೇಳಲೇಬೇಕು. ಬ್ಲಾಗಿನ ಫೀಡ್‌ನಲ್ಲಿ, ಅಂದರೆ ಇಂಥ ರೀಡರುಗಳಿಗೆ ತಾನಾಗಿ ಹೋಗುವ ಪ್ರತಿಯಲ್ಲಿ, ಪೂರ್ತಿ ಬರಹ ಕೊಡಬೇಕೋ, ನಾಲ್ಕು ಸಾಲು ಕೊಟ್ಟು 'ಮುಂದೆ ಓದಿ' ಅನ್ನಬೇಕೋ ಎಂದು ಬ್ಲಾಗ್ ನಡೆಸುವ ಸಾಫ್ಟ್‌ವೇರ್ ವರ್ಡ್‌ಪ್ರೆಸ್ ಕೇಳುತ್ತದೆ. ನಾಲ್ಕು ಸಾಲೇ ಕೊಡು, ಆಗ ಜನ ಬ್ಲಾಗಿಗೆ ಬಂದು ಓದುತ್ತಾರೆ, ಎಣಿಕೆ ಏರುತ್ತದೆ ಎಂದು ತಿಳಿದವರು ಬಹಳ ಜನ ನನಗೆ ಹೇಳಿದ್ದರು. ನಾನು ಪೂರ್ತಿ ಕೊಟ್ಟೆ. ದೊಡ್ಡ ತತ್ವ ಏನಲ್ಲ. ನಮ್ಮ ಕಡೆ ನೆಟ್ ಬರುವುದು ರಸ್ತೆಯ ತಿರುವಿನಲ್ಲಿ ಮಾತ್ರ. ಅಲ್ಲಿ ನಿಂತು ಒಂದು ಸಲ ಇಳಿಸಿಕೊಂಡರೆ ಮನೆಗೆ ಹೋಗಿ ಓದಬೇಕು, ಮತ್ತೆ ಕ್ಲಿಕ್ ಮಾಡಿ ಅಂದರೆ ಎಲ್ಲಿಗೆ ಹೋಗುತ್ತಾರೆ? ನಾಲ್ಕೇ ಸಾಲು ಕೊಟ್ಟಿದ್ದರೆ ಗೋಣಿಕೊಪ್ಪದಲ್ಲಿ ಇವತ್ತು ಇರುತ್ತಿದ್ದದ್ದೂ ನಾಲ್ಕೇ ಸಾಲು. ಅವರು 2019ರಲ್ಲಿ ಕಂಪ್ಯೂಟರ್ ಬದಲಿಸುವ ತನಕದ 131 ಬರಹ ಹಾಗೆ ವಾಪಸ್ ಬಂದವು. ಹಳೆ ಕಂಪ್ಯೂಟರನ್ನು ಗುಜರಿಗೆ ಹಾಕದೆ ಅಟ್ಟದಲ್ಲಿ ಇಟ್ಟ ಅವರ ಹೆಂಡತಿಗೂ ವಂದನೆ. 'ಇವರು ಎಂತದ್ದೂ ಬಿಸಾಡಲು ಬಿಡುವುದಿಲ್ಲ' ಅಂತ ಬೈದುಕೊಂಡೇ ಫೋನ್ ಕೊಟ್ಟರು.

ಅದರಲ್ಲಿ ಒಂದೇ ಒಂದು ಬರಹ ಅರ್ಧ ಇತ್ತು. 2018ರ ಆಗಸ್ಟಿನದು. ಆ ದಿನಗಳನ್ನು ನಾನು ಇಲ್ಲಿ ಮತ್ತೆ ಹೇಳುವುದಿಲ್ಲ. ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ ಅಂದರೆ ಸಾಕು, ನಮ್ಮವರಿಗೆ ಗೊತ್ತು. ಗುಡ್ಡ ಜಾರುತ್ತಾ ಇತ್ತು, ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ದಾರಿ ಮುಚ್ಚಿತ್ತು. ವಾಟ್ಸಾಪಿನಲ್ಲಿ ಎಲ್ಲಿಯದೋ ಹಳೆ ವಿಡಿಯೊ ನಮ್ಮೂರಿನದೆಂದು ಓಡಾಡುತ್ತಿತ್ತು. ಆಗ ನಾನು ಒಂದೇ ಬರಹವನ್ನು ದಿನಕ್ಕೆ ಹತ್ತು ಸಲ ತಿದ್ದುತ್ತಾ ಇದ್ದೆ. ಯಾವ ದಾರಿ ತೆರೆದಿದೆ, ಯಾವ ಸುದ್ದಿ ಸುಳ್ಳು, ಯಾವ ಊರಿನವರು ಎಲ್ಲಿದ್ದಾರೆ. ನೋಡಿ ಬಂದವರ ಬಾಯಿಂದ ಕೇಳದೆ ಒಂದು ಸಾಲೂ ಹಾಕುತ್ತಿರಲಿಲ್ಲ. ಫೀಡ್ ರೀಡರ್ ಹಿಡಿದಿಟ್ಟದ್ದು ಮೊದಲ ರೂಪವನ್ನು, ಐದು ಸಾಲಿನದ್ದು.

ಕೊನೆಯ ರೂಪ ಮಂಗಳೂರಿನಲ್ಲಿತ್ತು. ಅಲ್ಲಿ ನರ್ಸ್ ಆಗಿರುವ ಒಬ್ಬರ ತಾಯಿ ಆಗ ನಮ್ಮ ಪಕ್ಕದ ಊರಿನಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಇವರು ಗಂಟೆಗೊಮ್ಮೆ ಪುಟ ತೆಗೆದು, ಇಡೀ ಪುಟವನ್ನು ಫೋನಿನಲ್ಲಿ ಚಿತ್ರವಾಗಿ ಉಳಿಸುತ್ತಿದ್ದರಂತೆ. ನೆಟ್ ಹೋದರೂ ನೋಡಬಹುದಲ್ಲ ಎಂದು. ಅಮ್ಮ ಸುರಕ್ಷಿತವಾಗಿ ಬಂದ ಮೇಲೂ ಅಳಿಸಲಿಲ್ಲ. ಫೋನ್ ಮೂರು ಸಲ ಬದಲಾಯಿತು, ಚಿತ್ರಗಳು ಜೊತೆಗೇ ಬಂದವು. ಮೂವತ್ತೇಳು ಚಿತ್ರ. ಕಳಿಸಿ, ಜೊತೆಗೆ ಒಂದೇ ಸಾಲು ಬರೆದಿದ್ದರು: 'ಅಮ್ಮನ ಊರಿನ ಹೆಸರು ನಿಮ್ಮ ಬರಹದಲ್ಲಿ ಸಂಜೆ ನಾಲ್ಕಕ್ಕೆ ಬಂತು.'

ನನಗೆ ಆ ಸಂಜೆ ನೆನಪಿಲ್ಲ. ನಾನು ಸುಮ್ನೆ ಒಂದು ಊರಿನ ಹೆಸರು ಸೇರಿಸಿದ್ದೆ, ಅಷ್ಟೇ.

2019ರ ನಂತರದ್ದರಲ್ಲಿ 46 ಸಿಕ್ಕಿದ್ದು ಇಂಟರ್ನೆಟ್ ಆರ್ಕೈವ್‌ನಲ್ಲಿ. ಬ್ರೂಸ್ಟರ್ ಕಾಲ್ ಎಂಬವರು 1996ರಲ್ಲಿ ಶುರು ಮಾಡಿದ ಸಂಸ್ಥೆ ಅದು. ವೆಬ್ ಪುಟಗಳ ಹಳೆ ಪ್ರತಿ ತೋರಿಸುವ ಅವರ ವೇಬ್ಯಾಕ್ ಮಷೀನ್ 2001ರಿಂದ ಎಲ್ಲರಿಗೂ ತೆರೆದಿದೆ. ತಾನಾಗಿ ಪುಟಗಳನ್ನು ಕೂಡಿಡುವುದು ಒಂದು ಕಡೆ, ಯಾರು ಬೇಕಾದರೂ ಒಂದು ಪುಟದ ವಿಳಾಸ ಕೊಟ್ಟು 'ಇದನ್ನು ಉಳಿಸು' ಎನ್ನುವುದೂ ಇದೆ. ನನ್ನ ಕಾಫಿ ಹೂವಿನ ಫೋಟೊಗಳು ಹೆಚ್ಚಿನವು ಹೋದವು, ಅಕ್ಷರ ಉಳಿಯಿತು. ನಾನಂತೂ ಒಂದು ಸಲವೂ 'ಉಳಿಸು' ಎಂದಿರಲಿಲ್ಲ. ಓದುಗರಲ್ಲೇ ಯಾರೋ ಮಾಡಿರಬೇಕು. ಅದು ನೀವಾದರೆ, ದಯವಿಟ್ಟು ಒಂದು ಸಾಲು ಕಳಿಸಿ. ಮನೆಯ ಏಲಕ್ಕಿ ಕಳಿಸುತ್ತೇನೆ.

ಮೂರನೇ ದಿನವೇ ಬಂದು ಸೊಂಟದ ತನಕ ನೀರಲ್ಲಿ ನಿಂತು ಕಂಬ ಎತ್ತಿದ ಲೈನ್‌ಮ್ಯಾನ್‌ಗಳಿಗೂ, ಫೋನ್ ಚಾರ್ಜ್ ಮಾಡಲು ಜನರೇಟರ್ ಹಾಕಿಕೊಟ್ಟ ಸುಂಟಿಕೊಪ್ಪದ ಬೇಕರಿಯವರಿಗೂ ನಮಸ್ಕಾರ. 'ಹೋದ್ರೆ ಹೋಯ್ತು, ಹೊಸದು ಬರಿ' ಎಂದ ನನ್ನ ಗಂಡನಿಗೆ ಕೃತಜ್ಞತೆ ಹೇಳಬೇಕೋ ಬೇಡವೋ ಇನ್ನೂ ತೀರ್ಮಾನಿಸಿಲ್ಲ.

ಕೊನೆಯ 32 ಬರಹ ಕಾಗದದಲ್ಲಿ ಬಂದವು. ಸೋಮವಾರಪೇಟೆಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರಿದ್ದಾರೆ. ಪರದೆ ನೋಡಿದರೆ ಕಣ್ಣು ಉರಿಯುತ್ತದೆ ಎಂದು ಮೊಮ್ಮಗನ ಹತ್ತಿರ ನನ್ನ ಬರಹಗಳನ್ನು ಪ್ರಿಂಟ್ ಹಾಕಿಸಿ, ತೂತು ಹೊಡೆದು, ದಾರ ಕಟ್ಟಿ ಫೈಲ್ ಮಾಡುತ್ತಾ ಇದ್ದರು. ಹಾಳೆಯ ಅಂಚಿಗೆ ಬೂಸ್ಟು ಹಿಡಿದಿತ್ತು. ಫೋಟೊ ತೆಗೆದು ಅಕ್ಷರ ಗುರುತಿಸುವ ಸಾಫ್ಟ್‌ವೇರಿಗೆ ಕೊಟ್ಟೆ. ಅದು 'ಪ' ಇದ್ದಲ್ಲಿ 'ವ' ಓದಿತು, 'ಪಾಸ್‌ವರ್ಡ್' ಎಲ್ಲ 'ವಾಸ್‌ವರ್ಡ್' ಆಯಿತು. ಕೊನೆಗೆ ಕೂತು ನಾನೇ ಟೈಪ್ ಮಾಡಿದೆ. ಮಾಡುವಾಗ ಗೊತ್ತಾಯಿತು, ಮೇಷ್ಟ್ರು ಪ್ರತಿ ಹಾಳೆಯಲ್ಲೂ ಕೆಂಪು ಪೆನ್ನಿನಲ್ಲಿ ತಿದ್ದಿದ್ದಾರೆ. ಕಾಗುಣಿತ, ಅಲ್ಪಪ್ರಾಣ–ಮಹಾಪ್ರಾಣ, ಎರಡು ಸಲ ಬಂದ 'ಮತ್ತು'. ಒಂದು ಕಡೆ 'ಈ ಪ್ಯಾರಾ ಬೇಕಿರಲಿಲ್ಲ' ಎಂದಿದೆ. ಒಂದು ಬರಹಕ್ಕೆ ಹತ್ತಕ್ಕೆ ಆರು ಅಂಕ. ನಾನು ಎಲ್ಲ ತಿದ್ದುಪಡಿ ಒಪ್ಪಿಕೊಂಡೇ ಏರಿಸಿದ್ದೇನೆ, ಆ ಪ್ಯಾರಾ ಒಂದು ಬಿಟ್ಟು.

ಫೈಲ್ ಇನ್ನೂ ನನ್ನ ಹತ್ತಿರ ಇದೆ, ಮೇಷ್ಟ್ರೇ. ಹಾಳೆಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿ ಹೊಸ ದಾರ ಕಟ್ಟಿದ್ದೇನೆ. ಭಾನುವಾರ ಮಳೆ ಬಿಟ್ಟರೆ ತಂದುಕೊಡುತ್ತೇನೆ. ನನಗೆ ಬೆಲ್ಲದ ಕಾಫಿ ಸಾಕು. ಇದನ್ನೂ ಪ್ರಿಂಟ್ ಹಾಕಿಸಿದ್ದರೆ, ಕೆಂಪು ಪೆನ್ನು ಪಕ್ಕದಲ್ಲೇ ಇಟ್ಟುಕೊಂಡಿರಿ.