ಜುಲೈ 27ರ ಚೌಕದಲ್ಲಿ ಮೈಸೂರು ಇರಲಿಲ್ಲ

ಸಂಪಾದಕರಿಗೆ ನಮಸ್ಕಾರ.

ಮಂಡ್ಯದ ಗುತ್ತಲು ರಸ್ತೆಯಲ್ಲಿ ನನ್ನದೊಂದು ಕಟಿಂಗ್ ಶಾಪ್ ಇದೆ. ಸರದಿಗೆ ಕಾಯುವವರು ನಿಮ್ಮ ಪತ್ರಿಕೆ ಓದುತ್ತಾರೆ. 'ಇತಿಹಾಸದಲ್ಲಿ ಈ ದಿನ' ಎಂಬ ಚಿಕ್ಕ ಚೌಕವನ್ನು ಯಾರಾದರೊಬ್ಬರು ಎಲ್ಲರಿಗೂ ಕೇಳುವಂತೆ ಓದಲೇಬೇಕು. ಅದು ನಮ್ಮಲ್ಲಿ ರೂಢಿ.

ಜುಲೈ 27ರಂದು ಅದರಲ್ಲಿ ಎರಡು ಸಾಲು ಇತ್ತು. 1953ರಲ್ಲಿ ಕೊರಿಯಾ ಯುದ್ಧ ನಿಂತಿತು. 2015ರಲ್ಲಿ ಅಬ್ದುಲ್ ಕಲಾಂ ತೀರಿಕೊಂಡರು. ಎರಡೂ ಸರಿ. ಆದರೆ 1916ರಲ್ಲಿ ಅದೇ ದಿನ ಮೈಸೂರು ವಿಶ್ವವಿದ್ಯಾಲಯ ಶುರುವಾಯಿತು. ಅದರ ಸುದ್ದಿಯೇ ಇರಲಿಲ್ಲ. ಬ್ರಿಟಿಷರ ನೇರ ಆಳ್ವಿಕೆಯ ಹೊರಗೆ ಒಂದು ಸಂಸ್ಥಾನ ತಾನೇ ಕಟ್ಟಿಕೊಂಡ ಮೊದಲ ವಿಶ್ವವಿದ್ಯಾಲಯ ಅದು. ನಾಲ್ವಡಿ ಕೃಷ್ಣರಾಜ ಒಡೆಯರ್ ಕುಲಾಧಿಪತಿ, ವಿಶ್ವೇಶ್ವರಯ್ಯ ದಿವಾನರು, ಎಚ್.ವಿ. ನಂಜುಂಡಯ್ಯ ಮೊದಲ ಕುಲಪತಿ. ನಾನು ಮಂಡ್ಯದಿಂದ ಪ್ಯಾಸೆಂಜರ್ ರೈಲಿನಲ್ಲಿ ಓಡಾಡಿ ಮಹಾರಾಜ ಕಾಲೇಜಿನಲ್ಲಿ ಬಿ.ಎ. ಮಾಡಿದವನು. ರಜೆ ಬಂದರೆ ಅಪ್ಪನ ಜೊತೆ ಅಂಗಡಿಯಲ್ಲಿ ಕೆಲಸ. ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವನು ನಾನೇ. ಆ ಸಾಲು ಇಲ್ಲದ್ದು ನನಗೆ ಜಾಸ್ತಿಯೇ ಬೇಜಾರಾಯಿತು.

ಕಲಾಂ ಅವರು ಶಿಲ್ಲಾಂಗ್‌ನಲ್ಲಿ ವಿದ್ಯಾರ್ಥಿಗಳ ಮುಂದೆ ಮಾತಾಡುತ್ತಾ ಕುಸಿದ ದಿನ ನಮ್ಮ ವಿಶ್ವವಿದ್ಯಾಲಯ 99 ತುಂಬಿಸಿ 100ಕ್ಕೆ ಕಾಲಿಟ್ಟಿತ್ತು. ತಾರೀಖು ಕೂಡಿಬಂದದ್ದಕ್ಕೆ ಸುಮ್ನೆ ಬೇರೆ ಅರ್ಥ ಹುಡುಕಬೇಕಿಲ್ಲ. ಆದರೂ ಪಾಠ ಹೇಳುತ್ತಲೇ ಹೋದ ಮೇಷ್ಟ್ರನ್ನೂ ಪಾಠಕ್ಕೆಂದೇ ಕಟ್ಟಿದ ಜಾಗವನ್ನೂ ಒಂದೇ ಬೆಳಿಗ್ಗೆ ನೆನೆಯುವುದು ಎಷ್ಟು ಚೆಂದ ಅಲ್ವಾ?

ಕೊರಿಯಾದ ಸಾಲಿನಲ್ಲೂ ನಮ್ಮ ಕಡೆಯವರಿದ್ದಾರೆ. ಪನ್‌ಮುಂಜೊಮ್‌ನಲ್ಲಿ ಕದನವಿರಾಮಕ್ಕೆ ಸಹಿ ಬಿತ್ತು. ಆದರೆ ಸಾವಿರಾರು ಯುದ್ಧಕೈದಿಗಳು ಸ್ವಂತ ದೇಶಕ್ಕೆ ವಾಪಸ್ ಹೋಗಲು ಒಪ್ಪಲಿಲ್ಲ. ಅವರ ಗತಿ ಏನೆಂದು ನೋಡಲು ಐದು ತಟಸ್ಥ ದೇಶಗಳ ಆಯೋಗ ಮಾಡಿದರು. ಅದರ ಅಧ್ಯಕ್ಷರು ಮಡಿಕೇರಿಯಲ್ಲಿ ಹುಟ್ಟಿದ ಕೆ.ಎಸ್. ತಿಮ್ಮಯ್ಯ. ಕೈದಿಗಳನ್ನು ಕಾಯ್ದವರು ಭಾರತದ ಸೈನಿಕರು. ಮಡಿಕೇರಿಯಲ್ಲಿ ತಿಮ್ಮಯ್ಯನವರ ಮನೆ 'ಸನ್ನಿಸೈಡ್' ಈಗ ವಸ್ತುಸಂಗ್ರಹಾಲಯ. ರಾಜಾಸೀಟ್ ನೋಡಲು ಹೋಗುವ ನಮ್ಮ ಜನ ಅಲ್ಲಿಗೂ ಹೋಗಿಬರಬಹುದು. ನಾನು ಇಷ್ಟು ಹೇಳಿದ ಮೇಲೆ ಅಂಗಡಿಯಲ್ಲಿ ಅರ್ಧ ಗಂಟೆ ಕೊರಿಯಾದ್ದೇ ಮಾತು. ನಿಮ್ಮ ಸಾಲಿನಲ್ಲಿ ತಿಮ್ಮಯ್ಯನವರ ಹೆಸರಿದ್ದಿದ್ದರೆ ಎಷ್ಟು ಅಂಗಡಿಗಳಲ್ಲಿ ಈ ಮಾತು ನಡೆಯುತ್ತಿತ್ತೋ!

ಏಪ್ರಿಲ್ 11 ಕೂಡ ಹಾಗೆಯೇ. ಅವತ್ತು ಜ್ಯೋತಿಬಾ ಫುಲೆ ಹುಟ್ಟಿದ ದಿನ ಎಂದು ಹಾಕಿದ್ದಿರಿ. ವಿಧವೆಯರ ತಲೆ ಬೋಳಿಸುವ ಪದ್ಧತಿ ನಿಲ್ಲಬೇಕೆಂದು ಅವರ ಬಳಗದವರು ಕ್ಷೌರಿಕರನ್ನೇ ಸಂಘಟಿಸಿದರು. ಆ ಕೆಲಸ ಮಾಡುವುದಿಲ್ಲ ಎಂದು ನಮ್ಮ ಕಸುಬಿನವರು ಎದ್ದು ನಿಂತದ್ದು ನನಗೆ ಬಹಳ ಹೆಮ್ಮೆಯ ವಿಷಯ. 1938ರ ಏಪ್ರಿಲ್ 11ರಂದೇ ನಮ್ಮ ಮದ್ದೂರಿನ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಕಾಂಗ್ರೆಸ್ ಬಾವುಟ ಹಾರಿಸಬಾರದೆಂದು ಸರ್ಕಾರ ನಿಷೇಧ ಹಾಕಿತ್ತು. ಟಿ. ಸಿದ್ದಲಿಂಗಯ್ಯನವರ ಮುಂದಾಳತ್ವದಲ್ಲಿ ಜನ ಅದನ್ನು ಮುರಿದರು. ಅಲ್ಲಿನ ಸತ್ಯಾಗ್ರಹ ಸೌಧದ ಮುಂದೆ ಬಸ್ಸಿನಲ್ಲಿ ಓಡಾಡುವ ಎಷ್ಟೋ ಹುಡುಗರಿಗೆ ಅದು ಏನೆಂದೇ ಗೊತ್ತಿಲ್ಲ. ಶಿವಪುರದ ಸಾಲು ಮಂಡ್ಯದ ಆವೃತ್ತಿಯಲ್ಲೂ ಬರದಿದ್ದರೆ ಇನ್ನೆಲ್ಲಿ ಬರಬೇಕು?

ದಿನಕ್ಕೆ ಒಂದು ಸಾಲು ನಮ್ಮ ಸೀಮೆಗೆ ಕೊಡಿ. ವರ್ಷದ ಜೊತೆ ಊರಿನ ಹೆಸರನ್ನೂ ಹಾಕಿ. ಜಾಗ ಸಾಲದಿದ್ದರೆ ಸಿನಿಮಾ ತಾರೆಯರ ಹುಟ್ಟುಹಬ್ಬ ಒಂದು ಕಡಿಮೆಯಾಗಲಿ. ಬರುವ ನವೆಂಬರ್ 1ರಂದಾದರೂ ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ಅಚ್ಚು ಹಾಕಿ. 1956ರಲ್ಲಿ ಕನ್ನಡ ಸೀಮೆಗಳು ಒಂದು ರಾಜ್ಯವಾದವು. ಕೊಡಗು ಸೇರಿದ್ದೂ ಅವತ್ತೇ. ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ, ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ. ನಡುವೆ 17 ವರ್ಷ ಇದೆ. ನನ್ನ ಅಂಗಡಿಗೆ ಬರುವವರಲ್ಲಿ ಎರಡೂ ಒಂದೇ ದಿನ ಆದದ್ದು ಎಂದುಕೊಂಡವರೇ ಜಾಸ್ತಿ.

ಇಂತಿ,
ಒಬ್ಬ ಓದುಗ, ಮಂಡ್ಯ