ಆಶ್ಲಿ ನದಿಯ ಜಂತ್ರಡಿ

ಚಾರ್ಲ್ಸ್‌ಟನ್, ದಕ್ಷಿಣ ಕ್ಯಾರೊಲಿನಾ
ಮಾರ್ಚ್ 24

ತೀರ್ಥರೂಪ ಅಪ್ಪನಿಗೆ, ಮಾತೃಶ್ರೀ ಆಯಿಗೆ ಮಗಳ ನಮಸ್ಕಾರಗಳು. ನಾವಿಲ್ಲಿ ಕ್ಷೇಮ. ಆಯಿಯ ಮಂಡಿನೋವು ಹೇಗಿದೆ? ಈ ಸಲ ಫೋನಿನಲ್ಲಿ ಮುಚ್ಚಿಡದೆ ಹೇಳಬೇಕು.

ಅಪ್ಪ, ಕಳೆದ ಭಾನುವಾರ ಮಿಡಲ್ಟನ್ ಪ್ಲೇಸ್ ನೋಡಲು ಹೋಗಿದ್ದೆವು. ಆಶ್ಲಿ ನದಿಯ ದಂಡೆ ಮೇಲೆ, ಭತ್ತದಿಂದಲೇ ಸಿರಿವಂತರಾದ ಒಡೆಯರ ಜಾಗ. 1741ರಲ್ಲಿ ಹೆನ್ರಿ ಮಿಡಲ್ಟನ್ ಈ ತೋಟ ಶುರುಮಾಡಿಸಿದ. ಅವನ ಮಗ ಆರ್ಥರ್ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಒಬ್ಬ. ದೊಡ್ಡ ಮನೆ ಈಗಿಲ್ಲ. 1865ರಲ್ಲಿ, ಅಂತರ್ಯುದ್ಧ ಮುಗಿಯುವ ಹೊತ್ತಿಗೆ, ಉತ್ತರದ ಸೈನಿಕರು ಸುಟ್ಟರು. ಉಳಿದ ಗೋಡೆಗಳು 1886ರ ಭೂಕಂಪಕ್ಕೆ ಬಿದ್ದವು. ಬದಿಯ ಒಂದು ಕಟ್ಟಡ ಮಾತ್ರ ನಿಂತಿದೆ. ಕಾಡು ಬೆಳೆದು ಮುಚ್ಚಿಹೋಗಿದ್ದ ತೋಟವನ್ನು 1920ರ ದಶಕದಿಂದ ಅದೇ ವಂಶದ ಪ್ರಿಂಗಲ್ ಸ್ಮಿತ್ ದಂಪತಿ ಸವರಿಸಿ ಮತ್ತೆ ಎಬ್ಬಿಸಿದರು.

ತೋಟ ಚೆಂದವೇ. ಹುಲ್ಲಿನ ದಿಬ್ಬ ನಮ್ಮ ಮಕ್ಕಿಗದ್ದೆಯ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಕೆಳಗೆ ಚಿಟ್ಟೆಯ ಎರಡು ರೆಕ್ಕೆಯಂತೆ ಎರಡು ಕೆರೆ, ಆಚೆ ನದಿ. ಅಜೇಲಿಯಾ ಗುಡ್ಡ ತುಂಬ ಅರಳಿತ್ತು. ಕ್ಯಾಮೆಲಿಯಾ ಹೂಗಳು ಮಾತ್ರ ಎಸಳು ಬಿಡದೆ ಇಡಿಯಾಗಿ ಉದುರಿ ದಾರಿಯಲ್ಲಿ ಬಿದ್ದಿದ್ದವು. ತುಳಿಯಲು ಮನಸ್ಸಾಗದೆ ಬಳಸಿಕೊಂಡು ಹೋದೆ. ಆಯಿ ಇದ್ದಿದ್ದರೆ ಸೆರಗಿಗೆ ತುಂಬಿಕೊಳ್ಳುತ್ತಿದ್ದಳು.

ಆದರೆ ನಾನು ಬಹಳ ಹೊತ್ತು ನಿಂತಿದ್ದು ಭತ್ತದ ಗದ್ದೆಯ ಬಳಿ. ಕ್ಯಾರೊಲಿನಾ ಗೋಲ್ಡ್ ಎಂಬ ಹಳೇ ತಳಿಯನ್ನು ಅಲ್ಲಿ ತೋರಿಸಲೆಂದು ಬೆಳೆಸುತ್ತಾರೆ. ದಂಡೆಯ ಅಡಿಯಲ್ಲಿ ಹಾದುಹೋಗುವ ಮರದ ಪೆಟ್ಟಿಗೆ, ಎರಡೂ ತುದಿಗೆ ಹಲಗೆ ಬಾಗಿಲು. ನಮ್ಮ ಜಂತ್ರಡಿಯೇ ಅಪ್ಪ! ಇವರು ಟ್ರಂಕ್ ಅನ್ನುತ್ತಾರೆ, ಮೊದಮೊದಲು ಮರದ ದಿಮ್ಮಿಯನ್ನೇ ಕೊರೆದು ಹೂಳುತ್ತಿದ್ದರಂತೆ. ನೀನು ಹೊಳೆಬದಿಯ ನಮ್ಮ ಗಜನಿ ಗದ್ದೆಗೆ ಉಪ್ಪುನೀರು ನುಗ್ಗದಿರಲೆಂದು ಹಲಗೆ ಇಳಿಸುತ್ತೀಯ. ಇಲ್ಲಿ ಭರತ ಬಂದು ನೀರು ಉಬ್ಬಿದಾಗ ಸಮುದ್ರ ನದಿಯ ಸಿಹಿನೀರನ್ನೇ ಹಿಂದಕ್ಕೆ ಒತ್ತಿ ಏರಿಸುತ್ತದೆ. ಆಗ ಬಾಗಿಲೆತ್ತಿ ಗದ್ದೆ ತುಂಬಿಸಿಕೊಂಡು, ಇಳಿತಕ್ಕೆ ಬಸಿಯುತ್ತಿದ್ದರು.

ಇಷ್ಟೆಲ್ಲ ಮಾಡಿದವರು ಆಫ್ರಿಕಾದಿಂದ ಹಡಗಿನಲ್ಲಿ ತುಂಬಿ ತಂದು ಮಾರಿದ ಜನ ಮತ್ತು ಅವರ ಮಕ್ಕಳು, ಮೊಮ್ಮಕ್ಕಳು. ಪಶ್ಚಿಮ ಆಫ್ರಿಕಾದಲ್ಲಿ ತಲೆಮಾರುಗಳಿಂದ ಭತ್ತ ಬೆಳೆದವರೂ ಅವರಲ್ಲಿದ್ದರು. ಜೌಗಿನ ಮರ ಕಡಿದು, ಸೊಂಟಮಟ್ಟ ಕೆಸರಿನಲ್ಲಿ ನಿಂತು ದಂಡೆ ಹಾಕಿದವರು, ಆ ಹುಲ್ಲಿನ ಮೆಟ್ಟಿಲಿಗೆ ಮಣ್ಣು ಹೊತ್ತವರು ಅವರೇ. ಎಲೈಜಾಸ್ ಹೌಸ್ ಎಂಬ ಸಣ್ಣ ಮರದ ಮನೆಯಲ್ಲಿ ಅವರ ಹೆಸರುಗಳ ಪಟ್ಟಿಯಿದೆ, 2,500ಕ್ಕೂ ಹೆಚ್ಚು. ಹೆಸರಿನ ಮುಂದೆ ವಯಸ್ಸು, ಬೆಲೆ. ಬೆಲೆ, ಅಪ್ಪ, ಎತ್ತಿಗೆ ಬರೆದ ಹಾಗೆ. ಚಿಕ್ಕ ಮಕ್ಕಳಿಗೂ. ಓದುತ್ತಾ ಓದುತ್ತಾ ಗಂಟಲು ಕಟ್ಟಿತು. ಹೊರಗೆ ಜನ ಹೂವಿನ ಮುಂದೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಬಂದವರು ಮೊದಲು ಈ ಮನೆ ಹೊಕ್ಕು, ಆಮೇಲೆ ತೋಟಕ್ಕೆ ಇಳಿಯಬೇಕು ಅನ್ನಿಸಿತು ನನಗೆ.

ನಮ್ಮ ಗಜನಿಯ ಕಟ್ಟೆ ಅಜ್ಜ ಹಾಕಿಸಿದ್ದು ಅನ್ನುತ್ತಿದ್ದೆಯಲ್ಲ. ಮಣ್ಣು ಹೊತ್ತವರು ಯಾರು ಯಾರು? ನಿನಗೆ ನೆನಪಿರುವಷ್ಟು ಹೆಸರು ಹೇಳು, ಬರೆದಿಟ್ಟುಕೊಳ್ಳುತ್ತೇನೆ. ಜಂತ್ರಡಿಯ ಹಲಗೆ ಯಾವ ಮರದ್ದು ಅಂತಲೂ ತಿಳಿಸು.

ಇಂತಿ ನಿಮ್ಮ ಮಗಳು,
ಪುಟ್ಟಿ